ಅರ್ಧ ಗುಲಗಂಜಿಯ ಲೆಕ್ಕ

ಬಂದೂಕಿನ ಖಾಲಿ ತೋಟೆಗಳನ್ನು ಮನೆಯಲ್ಲೇ ಮತ್ತೆ ತುಂಬಿಸಿಕೊಳ್ಳುವ ಸಲಕರಣೆಗಳನ್ನು ಕೊಳ್ಳಲು ಹೊರಟಾಗ ನನ್ನ ಕಣ್ಣು ಮೊದಲು ಬಿದ್ದದ್ದು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದುಬಾರಿ ಯಂತ್ರದ ಮೇಲೆ. ಅದರ ಹಿಡಿಕೆಯನ್ನು ಒಮ್ಮೆ ಕೆಳಕ್ಕೆ ಎಳೆದರೆ ನಾಲ್ಕು ತೋಟೆಗಳ ಮೇಲೆ ನಾಲ್ಕು ಬೇರೆ ಬೇರೆ ಕೆಲಸಗಳು ಒಟ್ಟಿಗೇ ನಡೆದು, ಒಂದು ಸಿದ್ಧ ತೋಟೆ ಪಕ್ಕದ ಡಬ್ಬಿಗೆ ಉರುಳುತ್ತಿತ್ತು. ಕೈ ಪಳಗಿದವರು ಗಂಟೆಗೆ ನಾಲ್ಕುನೂರಕ್ಕೂ ಹೆಚ್ಚು ತುಂಬಿಸುತ್ತಾರೆಂದು ಅಂಗಡಿಯವರು ಹೇಳಿದರು. ಅದನ್ನು ಕೊಂಡೇಬಿಡುತ್ತಿದ್ದೆ. ಕೊಳ್ಳದಂತೆ ತಡೆದದ್ದು ನಮ್ಮ ಪಕ್ಕದ ಮನೆಯ ಹಿರಿಯರು ಕೇಳಿದ ಒಂದೇ ಪ್ರಶ್ನೆ: ಆ ಯಂತ್ರದಲ್ಲಿ ತೋಟೆಯ ಒಳಗೆ ಬಿದ್ದ ಮದ್ದು ನಿನ್ನ ಕಣ್ಣಿಗೆ ಎಷ್ಟು ಹೊತ್ತು ಕಾಣುತ್ತದೆ?

ನಾನು ಇರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಲ್ವಾಕಿ ನಗರದ ಹೊರವಲಯದಲ್ಲಿ. ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ. ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೇಪಿನ ಕೋವಿಯೊಂದಿತ್ತು. ಚುನಾವಣೆ ಬಂತೆಂದರೆ ಅದು ಪೊಲೀಸ್ ಠಾಣೆಗೆ ಠೇವಣಿಯಾಗಿ ಹೋಗುತ್ತಿತ್ತು, ಫಲಿತಾಂಶ ಬಂದ ಮೇಲೆ ಮನೆಗೆ ಮರಳುತ್ತಿತ್ತು. ಅಜ್ಜ ಆ ಕೋವಿಗೆ ಈಡು ತುಂಬುವುದನ್ನು ನೋಡುವುದೇ ಒಂದು ಕಾರ್ಯಕ್ರಮವಾಗಿತ್ತು: ಹಿತ್ತಾಳೆಯ ಪುಟ್ಟ ಅಳತೆಯಲ್ಲಿ ಕರಿಮದ್ದನ್ನು ನಳಿಗೆಯ ಬಾಯಿಗೆ ಸುರಿದು, ತೆಂಗಿನ ನಾರನ್ನು ತುರುಕಿ, ಸರಳಿನಿಂದ ಜಡಿದು, ಮೇಲೆ ಚರೆ ಹಾಕಿ, ಮತ್ತೆ ನಾರು ಜಡಿದು, ಕೊನೆಗೆ ಕೇಪು ಸಿಕ್ಕಿಸುತ್ತಿದ್ದರು. ಅಳತೆಯ ಅಂಚಿನಲ್ಲಿ ಮದ್ದು ಕೊಂಚ ಗೋಪುರವಾಗಿ ನಿಂತರೂ ಅವರು ತಲೆ ಕೆಡಿಸಿಕೊಂಡದ್ದು ನನಗೆ ನೆನಪಿಲ್ಲ. ಈ ನೆನಪೇ ನನ್ನನ್ನು ಇಲ್ಲಿ ದಾರಿ ತಪ್ಪಿಸಬಹುದಾಗಿತ್ತು. ಕರಿಮದ್ದನ್ನು ಅಳತೆಯಿಂದಲೇ ಹಾಕುವುದು ರೂಢಿ. ಕೂದಲೆಳೆಯ ಹೆಚ್ಚುಕಡಿಮೆಯನ್ನು ಅದು ಸಹಿಸಿಕೊಳ್ಳುತ್ತದೆ. ಈಗಿನ ತೋಟೆಗಳಲ್ಲಿ ಹಾಕುವ ಹೊಗೆಯಿಲ್ಲದ ಮದ್ದಿನ ಸ್ವಭಾವ ಪೂರ್ತಿ ಬೇರೆ. ಅದೇ ಗಾತ್ರದಲ್ಲಿ ಅದು ಹಲವು ಪಟ್ಟು ಶಕ್ತಿಯನ್ನು ಬಿಡುತ್ತದೆ, ತುಸು ಹೆಚ್ಚಿದರೆ ಒತ್ತಡ ಒಂದೇ ಏಟಿಗೆ ಮೇಲೇರುತ್ತದೆ. ಕೇಪಿನ ಕೋವಿಗೆ ಈ ಮದ್ದನ್ನು ಹಾಕಿದರೆ ನಳಿಗೆ ಸಿಡಿದು ಹಿಡಿದವನ ಕೈ ಹೋಗುತ್ತದೆ. ಊರಿನಲ್ಲಿ ಈ ಎರಡನ್ನೂ ‘ಮದ್ದು’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಈ ಮಾತನ್ನು ಮೊದಲಿಗೇ ಹೇಳುತ್ತಿದ್ದೇನೆ.

ಸಲಕರಣೆಯ ಮಾತಿಗೆ ಹೋಗುವ ಮುನ್ನ ಕಾನೂನಿನ ಮಾತನ್ನು ಮುಗಿಸಬೇಕು, ಏಕೆಂದರೆ ನಮ್ಮವರಲ್ಲಿ ಬಹಳ ಮಂದಿಗೆ ಇದು ತಿಳಿದಿರುವುದಿಲ್ಲ. ಎಚ್-1ಬಿಯಂತಹ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಬೇಟೆ ಪರವಾನಗಿ ಚಾಲ್ತಿಯಲ್ಲಿರುವುದೇ ಮೊದಲಾದ ಕೆಲವು ವಿನಾಯಿತಿಗಳಷ್ಟೇ ಇವೆ. ಆ ವಿನಾಯಿತಿಗಳ ಅಂಚಿನಲ್ಲಿ ನಡೆದು ಅರ್ಜಿಯನ್ನು ಕೆಡಿಸಿಕೊಳ್ಳುವುದು ಬೇಡವೆಂದು ನಾನು ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಶೂಟಿಂಗ್ ರೇಂಜಿನ ಕಡೆ ತಲೆಯನ್ನೂ ಹಾಕಲಿಲ್ಲ. ಕಾಯಂ ನಿವಾಸಿಯಾದ ಮೇಲೆ ಸ್ವಂತ ಬಳಕೆಗೆ ತೋಟೆ ತುಂಬಿಸಿಕೊಳ್ಳಲು ಕೇಂದ್ರ ಸರ್ಕಾರದ ಯಾವ ಲೈಸೆನ್ಸೂ ಬೇಕಿಲ್ಲ. ತುಂಬಿಸಿದ್ದನ್ನು ಮಾರುವ ವ್ಯಾಪಾರಕ್ಕೆ ಇಳಿದರೆ ಮಾತ್ರ ತಯಾರಕರ ಲೈಸೆನ್ಸ್ ಪಡೆಯಬೇಕಾಗುತ್ತದೆ. ರಾಜ್ಯಗಳ ನಿಯಮಗಳು ಬೇರೆ ಬೇರೆಯಾಗಿರುವುದರಿಂದ ಅವರವರ ರಾಜ್ಯದ ಕಾನೂನನ್ನು ಅವರವರು ನೋಡಿಕೊಳ್ಳಬೇಕು. ಭಾರತದಲ್ಲಾದರೋ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಊರಿನ ನೆಂಟರೊಬ್ಬರು ‘ಬರುವಾಗ ಆ ಸಾಮಾನು ಒಂದು ಸೆಟ್ ತಗೊಂಡು ಬಾ’ ಎಂದು ಸಲುಗೆಯಿಂದ ಹೇಳಿದಾಗ ನಾನು ಖಡಾಖಂಡಿತವಾಗಿ ಆಗದು ಎಂದೆ. ಅಷ್ಟೇ ಅಲ್ಲ, ರೇಂಜಿಗೆ ಒಯ್ಯುವ ಚೀಲವನ್ನು ಊರಿಗೆ ಹೋಗುವ ಪ್ರಯಾಣಕ್ಕೆ ಎಂದೂ ಬಳಸುವುದಿಲ್ಲ. ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ತೋಟೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಿಕ್ಕಿದರೂ ಮೊಕದ್ದಮೆಗೆ ಸಾಕು.

ನನ್ನ ಬಳಿ ಇದ್ದದ್ದು .38 ಸ್ಪೆಷಲ್ ತೋಟೆಯ ರಿವಾಲ್ವರ್. 2020ರಲ್ಲಿ ಕೊರೊನಾ ಬಂದ ಮೇಲೆ ಅಂಗಡಿಗಳಲ್ಲಿ ತೋಟೆಗಳ ಕಪಾಟುಗಳು ಬರಿದಾದವು. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ತುಂಬಿಸುವವರಿಗೆ ಬೇಕಾದ ಪ್ರೈಮರ್, ಅಂದರೆ ಏಟು ಬಿದ್ದಾಗ ಮದ್ದಿಗೆ ಕಿಡಿ ಕೊಡುವ, ನಮ್ಮ ಊರಿನವರ ಕೇಪು, ಎಲ್ಲಿಯೂ ಸಿಗದಂತಾಯಿತು. ಆ ಎರಡು ವರ್ಷ ನಾನು ಸಲಕರಣೆಗಳ ಬಗ್ಗೆ ಓದಿದ್ದೇ ಓದಿದ್ದು, ಕೊಂಡದ್ದು ಏನೂ ಇಲ್ಲ. ಬೆಲೆಗಳು ಹಳೆಯ ಮಟ್ಟಕ್ಕೆ ಇಳಿಯದಿದ್ದರೂ ಸರಕು ಮರಳಿ ಬಂದದ್ದನ್ನು ನೋಡಿ 2023ರ ಚಳಿಗಾಲದಲ್ಲಿ ಆರಂಭಿಸಿದೆ. ಅಷ್ಟರಲ್ಲಿ, ಯಾರೂ ಹೇಳದಿದ್ದರೂ, ಮಾಡಿದ್ದ ಒಂದು ಒಳ್ಳೆಯ ಕೆಲಸವೆಂದರೆ ಗುಂಡು ಹಾರಿಸಿದ ಮೇಲೆ ಉಳಿದ ಖಾಲಿ ತೋಟೆಗಳನ್ನೆಲ್ಲ ಕಾಫಿ ಡಬ್ಬಿಗಳಲ್ಲಿ ಕೂಡಿಟ್ಟುಕೊಂಡದ್ದು. ರಿವಾಲ್ವರಿನ ಅನುಕೂಲವೇ ಅದು. ಖಾಲಿ ತೋಟೆ ನೆಲಕ್ಕೆ ಹಾರಿಹೋಗದೆ ಕೈಗೇ ಬರುತ್ತದೆ.

ಓದುಗರಲ್ಲಿ ಈ ಕೆಲಸವನ್ನು ಕಾಣದವರಿಗಾಗಿ ಚುಟುಕಾಗಿ ಹೇಳುತ್ತೇನೆ. ತೋಟೆಯಲ್ಲಿ ಇರುವುದು ನಾಲ್ಕೇ ವಸ್ತು: ಹಿತ್ತಾಳೆಯ ಕವಚ, ಅದರ ಬುಡದಲ್ಲಿ ಕೂರುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಹಾರಿಸಿದ ಮೇಲೆ ಉಳಿಯುವುದು ಕವಚ ಮಾತ್ರ, ಹೊಸ ತೋಟೆಯ ಬೆಲೆಯಲ್ಲಿ ದೊಡ್ಡ ಪಾಲು ಅದರದ್ದೇ. ಒಳಗಿನ ಒತ್ತಡಕ್ಕೆ ಕವಚ ತುಸು ಉಬ್ಬಿರುತ್ತದೆ. ಅದನ್ನು ತೊಳೆದು, ಡೈ ಎಂಬ ಉಕ್ಕಿನ ಅಚ್ಚಿನೊಳಗೆ ತೂರಿಸಿ ಹಳೆಯ ಅಳತೆಗೆ ತಂದು, ಉರಿದ ಪ್ರೈಮರನ್ನು ಹೊರದಬ್ಬಿ ಹೊಸದನ್ನು ಕೂರಿಸಿ, ಬಾಯನ್ನು ಸ್ವಲ್ಪ ಅಗಲಿಸಿ, ಮದ್ದು ಸುರಿದು, ಗುಂಡನ್ನು ಒತ್ತಿ, ಅಂಚನ್ನು ಮತ್ತೆ ಮುಚ್ಚಿದರೆ ಕೆಲಸ ಮುಗಿಯಿತು. ಪ್ರೈಮರಿನಲ್ಲಿ ಎರಡು ಬಗೆ ಇವೆ. ಬಾಕ್ಸರ್ ಬಗೆಯ ಕವಚದ ಬುಡದಲ್ಲಿ ನಡುವೆ ಒಂದೇ ತೂತು ಇರುವುದರಿಂದ ಡೈಯ ಸೂಜಿ ಒಳಗಿಂದ ತಳ್ಳಿ ಪ್ರೈಮರನ್ನು ಉದುರಿಸುತ್ತದೆ. ಬರ್ಡನ್ ಬಗೆಯಲ್ಲಿ ಎರಡು ಸಣ್ಣ ತೂತುಗಳು ಪಕ್ಕಕ್ಕೆ ಇರುವುದರಿಂದ ಸೂಜಿ ಮುರಿಯುತ್ತದೆ. ಇವನ್ನು ರೂಪಿಸಿದವರಲ್ಲಿ ಬಾಕ್ಸರ್ ಇಂಗ್ಲೆಂಡಿನವನು, ಬರ್ಡನ್ ಅಮೆರಿಕದವನು. ಆದರೂ ಅಮೆರಿಕ ಅಪ್ಪಿಕೊಂಡದ್ದು ಇಂಗ್ಲಿಷಿನವನ ಪ್ರೈಮರನ್ನು, ಯೂರೋಪು ಬಹುಮಟ್ಟಿಗೆ ಅಮೆರಿಕದವನದನ್ನು. ನಾನು ರೇಂಜಿನ ನೆಲದಿಂದ ಆರಿಸಿಕೊಂಡ ಬೇರೆಯವರ ತೋಟೆಗಳಲ್ಲಿ ನಾಲ್ಕಾರು ಬರ್ಡನ್ ಬಗೆಯವು ಇದ್ದವು. ಟಾರ್ಚು ಬಿಟ್ಟು ನೋಡಿ ಅವನ್ನು ಗುಜರಿಗೆ ಹಾಕಿದೆ.

ಈಗ ಪ್ರೆಸ್ಸಿನ ವಿಷಯ, ಅಂದರೆ ಹಿಡಿಕೆ ಎಳೆದು ತೋಟೆಯನ್ನು ಡೈಯೊಳಗೆ ಒತ್ತುವ ಯಂತ್ರದ್ದು. ಮಾರುಕಟ್ಟೆಯಲ್ಲಿ ಮೂರು ಜಾತಿ ಇವೆ. ಒಂದು ಬಾರಿಗೆ ಒಂದೇ ಡೈ ಹಿಡಿಯುವ ಸಿಂಗಲ್ ಸ್ಟೇಜ್. ಡೈಗಳನ್ನೆಲ್ಲ ತಿರುಗುವ ತಲೆಯ ಮೇಲೆ ಕೂರಿಸಿ ಒಂದಾದ ಮೇಲೊಂದನ್ನು ತೋಟೆಯ ಮೇಲಕ್ಕೆ ತರುವ ಟರೆಟ್. ಮತ್ತು ನಾನು ಮೊದಲು ಮರುಳಾಗಿದ್ದ ಪ್ರೊಗ್ರೆಸಿವ್. ಡೈಗಳ ತಿರುಪು ಬಹುಪಾಲು ಕಂಪನಿಗಳಲ್ಲಿ ಒಂದೇ ಅಳತೆಯದಾಗಿರುವುದರಿಂದ, ಅಂದರೆ ಇಂಚಿನ ಎಂಟರಲ್ಲಿ ಏಳು ಭಾಗದ ದಪ್ಪ, ಇಂಚಿಗೆ ಹದಿನಾಲ್ಕು ಸುತ್ತು, ಒಂದು ಕಂಪನಿಯ ಡೈ ಇನ್ನೊಂದು ಕಂಪನಿಯ ಪ್ರೆಸ್ಸಿಗೆ ಹಿಡಿಯುತ್ತದೆ. ಇದು ಗೊತ್ತಾದ ಮೇಲೆ ನನ್ನ ಆತಂಕ ಅರ್ಧ ಕಡಿಮೆಯಾಯಿತು. ಇವತ್ತು ಕೊಂಡ ಡೈಗಳು ನಾಳೆ ಪ್ರೆಸ್ ಬದಲಾಯಿಸಿದರೂ ದಂಡವಾಗುವುದಿಲ್ಲ. ನಮ್ಮ ಮನೆಯಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿ, ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ, ಕಡಿಮೆ ಬೆಲೆಯ ಸಲಕರಣೆಗಳಿಗೆ ಹೆಸರಾದ ಲೀ ಪ್ರಿಸಿಷನ್ ಕಂಪನಿಯಿದೆ. ನೆಬ್ರಾಸ್ಕಾದ ಹಾರ್ನಡಿ, ಅರಿಜೋನಾದ ಡಿಲನ್, ಕ್ಯಾಲಿಫೋರ್ನಿಯಾದಲ್ಲಿ 1943ರಲ್ಲಿ ಹುಟ್ಟಿದ ಆರ್‌ಸಿಬಿಎಸ್, ಇವೇ ಬಾಯಿಂದ ಬಾಯಿಗೆ ಬರುವ ಉಳಿದ ಹೆಸರುಗಳು. ಯಾವ ಕಂಪನಿ ಎಂಬ ವಾದ ಇಲ್ಲಿ ಮಾವಿನ ಹಣ್ಣಿನಲ್ಲಿ ರಸಪುರಿಯೋ ಆಪೂಸೋ ಎಂಬ ವಾದದಂತೆ ಮುಗಿಯುವುದೇ ಇಲ್ಲ. ಹೊಸಬನಿಗೆ ಅದಕ್ಕಿಂತ ಮುಖ್ಯವಾದದ್ದು ಯಾವ ಜಾತಿ ಎಂಬ ನಿರ್ಧಾರ.

ಹಿರಿಯರ ಪ್ರಶ್ನೆಯ ತೂಕ ನನಗೆ ತಿಳಿದದ್ದು .38 ಸ್ಪೆಷಲಿನ ಚರಿತ್ರೆ ಓದಿದಾಗ. ಈ ತೋಟೆ 1898ರ ಕಾಲದ್ದು. ಮೊದಲು ಕರಿಮದ್ದಿಗೆಂದು ಮಾಡಿದ್ದು. ಕರಿಮದ್ದಿಗೆ ಜಾಗ ಬಹಳ ಬೇಕಾದ್ದರಿಂದ ಕವಚವನ್ನು ಉದ್ದವಾಗಿ, 1.155 ಇಂಚು, ಮಾಡಿದ್ದಾರೆ. ಈಗ ಅದೇ ಕವಚಕ್ಕೆ, ಗ್ರೇನ್ ಎಂಬ ಪುಟ್ಟ ತೂಕದ ಲೆಕ್ಕದಲ್ಲಿ ಬೆರಳೆಣಿಕೆಯಷ್ಟು, ಹೊಗೆಯಿಲ್ಲದ ಮದ್ದು ಬಿದ್ದರೆ ಅದು ತಳದಲ್ಲಿ, ದೊಡ್ಡ ಚೊಂಬಿನ ತಳಕ್ಕೆ ಉಳಿದ ನೀರಿನ ಹಾಗೆ, ಇದೆಯೋ ಇಲ್ಲವೋ ಎಂಬಂತೆ ಕೂರುತ್ತದೆ. ಮರೆವಿನಿಂದ ಎರಡನೆಯ ಸಲ ಸುರಿದರೂ ಚೆಲ್ಲುವುದಿಲ್ಲ. ಗುಂಡು ಅದರ ಮೇಲೆ ಸಲೀಸಾಗಿ ಕೂರುತ್ತದೆ, ಹೊರಗಿನಿಂದ ನೋಡಿದರೆ ಯಾವ ಗುರುತೂ ಇರುವುದಿಲ್ಲ. ಎರಡು ಪಟ್ಟು ಮದ್ದು ಬಿದ್ದ ಆ ತೋಟೆ ರಿವಾಲ್ವರನ್ನು ಸೀಳಿಹಾಕಬಲ್ಲದು. ಮದ್ದೇ ಬೀಳದ ತೋಟೆಯೂ ಕಡಿಮೆ ಅಪಾಯದ್ದಲ್ಲ: ಬರೀ ಪ್ರೈಮರಿನ ಬಲಕ್ಕೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿರುತ್ತದೆ, ಅದನ್ನು ಗಮನಿಸದೆ ಹಿಂದೆಯೇ ಇನ್ನೊಂದನ್ನು ಹಾರಿಸಿದರೆ ನಳಿಗೆ ಬಿರಿಯುತ್ತದೆ. ಪ್ರೊಗ್ರೆಸಿವ್ ಯಂತ್ರದಲ್ಲಿ ಇದನ್ನು ಕಾಯಲು ಸಾಧನಗಳಿವೆ, ಅನುಭವಿಗಳು ಅದರಲ್ಲಿ ಲಕ್ಷಗಟ್ಟಲೆ ತೋಟೆಗಳನ್ನು ಕ್ಷೇಮವಾಗಿ ತುಂಬಿಸುತ್ತಾರೆ. ಆದರೆ ಪ್ರೈಮರ್ ಸರಿಯಾಗಿ ಕೂತಿತೇ, ಬಾಯಿ ಬೇಕಾದಷ್ಟೇ ಅಗಲವಾಯಿತೇ, ಮದ್ದು ಬಿತ್ತೇ ಎಂದು ನಾಲ್ಕು ಕಡೆ ಒಟ್ಟಿಗೆ ಕಣ್ಣಿಡುವುದು ಮೊದಲ ದಿನವೇ ನನಗೆ ಸಾಧ್ಯವಿರಲಿಲ್ಲ. ಸಿಂಗಲ್ ಸ್ಟೇಜಿನಲ್ಲಾದರೆ ಐವತ್ತು ಕವಚಗಳಿಗೆ ಒಂದೊಂದು ಕೆಲಸವನ್ನು ಪೂರ್ತಿ ಮುಗಿಸಿ ಮುಂದಕ್ಕೆ ಹೋಗುತ್ತೇನೆ. ಮದ್ದು ಸುರಿದ ಐವತ್ತೂ ಕವಚಗಳು ತೂತುಗಳ ಹಲಗೆಯಲ್ಲಿ ಸಾಲಾಗಿ ಬಾಯಿ ತೆರೆದು ನಿಂತಿರುತ್ತವೆ; ಟಾರ್ಚು ಹಿಡಿದು ಸಾಲು ಸಾಲಾಗಿ ಇಣುಕಿದರೆ ಒಂದರ ಮಟ್ಟ ಏರಿದ್ದರೂ ಇಳಿದಿದ್ದರೂ ಪಕ್ಕದ್ದರ ಜೊತೆಗೆ ಹೋಲಿಸಿ ಗೊತ್ತಾಗುತ್ತದೆ. ಗಂಟೆಗೆ ಐವತ್ತು ತೋಟೆ ಮಾತ್ರ ಆಗುತ್ತದೆ ನಿಜ. ತಿಂಗಳಿಗೆ ಎರಡು ಸಲ ರೇಂಜಿಗೆ ಹೋಗುವ ನನಗೆ ಅಷ್ಟು ಧಾರಾಳ.

ಹೀಗೆ ಎರಕದ ಕಬ್ಬಿಣದ ಒಂದು ಹಳೆಯ ಸಿಂಗಲ್ ಸ್ಟೇಜ್ ಪ್ರೆಸ್ಸನ್ನು 90 ಡಾಲರಿಗೆ ಸೆಕೆಂಡ್ ಹ್ಯಾಂಡ್ ಕೊಂಡೆ. ಪ್ರೆಸ್ ಹಳೆಯದಾದರೆ ಚಿಂತೆಯಿಲ್ಲ, ಅದರಲ್ಲಿ ಕೆಡುವುದಕ್ಕೆ ಹೆಚ್ಚೇನೂ ಇಲ್ಲ. ಹಿಡಿಕೆಯನ್ನು ಮೇಲೆ ಕೆಳಗೆ ಆಡಿಸಿ ಕಂಬ ಅಲುಗುವುದಿಲ್ಲವೆಂದು ನೋಡಿಕೊಂಡರೆ ಸಾಕು. ಆದರೆ ಯಾರೋ ಮಾರುವ ಹಳೆಯ ಮದ್ದನ್ನು, ಮುಚ್ಚಳ ತೆರೆದ ಡಬ್ಬಿಯನ್ನು, ಬೇರೆಯವರು ತುಂಬಿಸಿದ ತೋಟೆಗಳನ್ನು ಬಿಟ್ಟಿ ಕೊಟ್ಟರೂ ತರಬಾರದು. ಪ್ರೆಸ್ಸಿನ ಜೊತೆಗೆ ಆ ಮಾರಾಟಗಾರ ಅರ್ಧ ಡಬ್ಬಿ ಮದ್ದನ್ನೂ ಕೊಡಲು ಬಂದ. ಡಬ್ಬಿಯ ಮೇಲಿನ ಚೀಟಿ ಒಂದು, ಒಳಗಿನ ಮದ್ದು ಇನ್ನೊಂದು ಆಗಿರಬಹುದು, ಬಣ್ಣ ನೋಡಿ ಮದ್ದನ್ನು ಗುರುತಿಸುವುದು ಯಾರಿಂದಲೂ ಆಗದು. ಬೇಡವೆಂದೆ.

ಪೂರ್ತಿ ಕಿಟ್ ಕೊಳ್ಳಬೇಕೇ, ಬಿಡಿಯಾಗಿ ಕೊಳ್ಳಬೇಕೇ ಎಂಬ ಪ್ರಶ್ನೆಯಲ್ಲಿ ನಾನು ವಾರಗಟ್ಟಲೆ ಕಳೆದೆ. ಕಿಟ್‌ಗಳಲ್ಲಿ ಸಾಮಾನ್ಯವಾಗಿ ಪ್ರೆಸ್, ತಕ್ಕಡಿ, ಮದ್ದು ಅಳೆದು ಬೀಳಿಸುವ ಸಾಧನ, ಆಲಿಕೆ, ಪ್ರೈಮರ್ ಕೂರಿಸುವ ಕೈ ಉಪಕರಣ, ಒಂದು ಕೈಪಿಡಿ ಇರುತ್ತವೆ. ಡೈಗಳು, ಉದ್ದ ದಪ್ಪ ಅಳೆಯುವ ಕ್ಯಾಲಿಪರ್, ಕವಚ ಉಜ್ಜುವ ಟಂಬ್ಲರ್, ಕೂರಿಸಿದ ಗುಂಡನ್ನು ಮತ್ತೆ ಕೀಳುವ ಸುತ್ತಿಗೆ ಇವು ಹೆಚ್ಚಾಗಿ ಇರುವುದಿಲ್ಲ. ಕಿಟ್ ಕೊಂಡವನು ಮನೆಗೆ ಬಂದ ಮೇಲೆ ಮತ್ತೆ ಅಂಗಡಿಗೆ ಓಡಲೇಬೇಕು. ಅದು ತಪ್ಪಲ್ಲ, ಆದರೆ ಕಿಟ್ಟಿನ ಬೆಲೆಯನ್ನೇ ಒಟ್ಟು ಖರ್ಚು ಎಂದುಕೊಂಡು ಹೊರಡಬಾರದು. ನಾನು ಬಿಡಿಯಾಗಿ ಕೊಂಡೆ. ಡೈಗಳನ್ನು ಮಾತ್ರ ಹೊಸದಾಗಿಯೇ, ಕಾರ್ಬೈಡ್ ಎಂಬ ಅತಿ ಗಟ್ಟಿ ವಸ್ತುವಿನ ಉಂಗುರವಿರುವ ಮೂರರ ಜೊತೆಯನ್ನು ಆರಿಸಿದೆ. ನೇರ ಗೋಡೆಯ ಪಿಸ್ತೂಲಿನ ಕವಚಗಳಿಗೆ ಕಾರ್ಬೈಡ್ ಡೈ ಇದ್ದರೆ ಎಣ್ಣೆ ಹಚ್ಚುವ, ಮತ್ತೆ ಅದನ್ನು ಒರೆಸುವ ಕೆಲಸ ತಪ್ಪುತ್ತದೆ. ಹತ್ತಿಪ್ಪತ್ತು ಡಾಲರ್ ಉಳಿಸಲು ಹೋಗಿ ಸಾದಾ ಉಕ್ಕಿನ ಡೈ ತಂದವರೆಲ್ಲ ಪಶ್ಚಾತ್ತಾಪ ಪಟ್ಟದ್ದನ್ನೇ ಕೇಳಿದ್ದೇನೆ. ಅದೇ ಡೈಗಳಲ್ಲಿ .38 ಸ್ಪೆಷಲ್ ಮತ್ತು ಅದಕ್ಕಿಂತ ಉದ್ದನೆಯ .357 ಮ್ಯಾಗ್ನಮ್ ಎರಡನ್ನೂ ತುಂಬಿಸಬಹುದು.

ನಾನು ಎಡವಿದ್ದು ತಕ್ಕಡಿಯಲ್ಲಿ. ಈ ಕೆಲಸದಲ್ಲಿ ತೂಕದ ಘಟಕ ಗ್ರೇನ್; ಒಂದು ಪೌಂಡಿಗೆ 7000 ಗ್ರೇನ್. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಹೆಚ್ಚು ಕಡಿಮೆ ಅರ್ಧ ಗುಲಗಂಜಿ. ಅದರ ಹತ್ತನೆಯ ಒಂದು ಭಾಗವನ್ನು ಹಿಡಿಯುವ ತಕ್ಕಡಿ ಬೇಕು. ಪ್ರೆಸ್ಸಿನಲ್ಲಿ ಹಣ ಉಳಿಸಿದ್ದ ಉತ್ಸಾಹದಲ್ಲಿ, 30 ಡಾಲರಿಗೆ ಸಿಗುತ್ತಿದ್ದ ಅಂಗೈಯಗಲದ ಎಲೆಕ್ಟ್ರಾನಿಕ್ ತಕ್ಕಡಿಯೊಂದನ್ನು ತರಿಸಿದೆ. ಅಂಕಿಗಳು ಫಳಫಳನೆ ಬೆಳಗುತ್ತಿದ್ದವು, ಬೇಗ ನಿಲ್ಲುತ್ತಿದ್ದವು. ನನಗೆ ಬಹಳ ಮೆಚ್ಚುಗೆಯಾಯಿತು. ಮೊದಲ ಹತ್ತು ತೋಟೆಗಳು ಚೆನ್ನಾಗಿಯೇ ಹಾರಿದವು. ಎರಡನೆಯ ಕಂತಿನಲ್ಲಿ ಮೂವತ್ತಾರು ತೋಟೆಗಳನ್ನು ತುಂಬಿಸಿ ಮುಗಿಸಿದ ಮೇಲೆ, ಹಿರಿಯರು ಹೇಳಿದ್ದರಲ್ಲಾ ಎಂದು, ಆ ದಿನವೇ ಅಂಚೆಯಲ್ಲಿ ಬಂದಿದ್ದ ಪರೀಕ್ಷಾ ಬಟ್ಟುಗಳ ಡಬ್ಬಿ ತೆರೆದು ಹತ್ತು ಗ್ರೇನಿನ ಬಟ್ಟನ್ನು ತಕ್ಕಡಿಯ ಮೇಲಿಟ್ಟೆ. 9.6 ಎಂದು ತೋರಿಸಿತು. ಖಾಲಿ ತಟ್ಟೆಯನ್ನು ಸೊನ್ನೆಗೆ ತಂದು ಮತ್ತೆ ಇಟ್ಟೆ, 10 ಎಂದಿತು. ಹಾಗೆಯೇ ನೋಡುತ್ತ ಕೂತಿದ್ದಾಗ ತಲೆಯ ಮೇಲೆ ಬಿಸಿಗಾಳಿಯ ಕೊಳವೆ ಗುಂಯ್ ಎಂದು ಶುರುವಾಯಿತು, ತಕ್ಕಡಿಯ ಅಂಕಿ ಯಾರೂ ಮುಟ್ಟದೆಯೇ ನಿಧಾನವಾಗಿ ಕೆಳಕ್ಕೆ ಸರಿಯತೊಡಗಿತು. ನಮ್ಮ ನೆಲಮಾಳಿಗೆಯಲ್ಲಿ ಮನೆ ಕಾಯಿಸುವ ಫರ್ನೇಸ್ ಇದೆ. ನಾನು ಮೇಜು ಹಾಕಿದ್ದದ್ದು ಅದರ ಗಾಳಿ ಬಂದು ಬೀಳುವ ಜಾಗದಲ್ಲಿ. ತಕ್ಕಡಿ ಕಡಿಮೆ ತೋರಿಸುತ್ತಿತ್ತೆಂದರೆ ನಾನು ಸರಿಯೆಂದು ಹಾಕಿದ್ದ ಮದ್ದು ನಿಜಕ್ಕೂ ಹೆಚ್ಚಿತ್ತು ಎಂದರ್ಥ. ಯಾವ ತೋಟೆಯಲ್ಲಿ ಎಷ್ಟು ಹೆಚ್ಚು ಎಂದು ತಿಳಿಯುವ ಉಪಾಯವೇ ಇರಲಿಲ್ಲ. ತುಂಬಿದ ತೋಟೆಯನ್ನು ಇಡಿಯಾಗಿ ತೂಗಿ ಪತ್ತೆ ಮಾಡೋಣವೆಂದರೆ ಕವಚಗಳ ಮತ್ತು ಗುಂಡುಗಳ ತೂಕದಲ್ಲಿರುವ ವ್ಯತ್ಯಾಸವೇ ಮದ್ದಿನ ವ್ಯತ್ಯಾಸವನ್ನು ನುಂಗಿಹಾಕುತ್ತದೆ.

ಮೂವತ್ತಾರನ್ನೂ ಬಿಚ್ಚಿದೆ. ಗುಂಡು ಕೀಳುವ ಸಾಧನ ಪ್ಲಾಸ್ಟಿಕ್ಕಿನ ಸುತ್ತಿಗೆಯಂತಿರುತ್ತದೆ. ತೋಟೆಯನ್ನು ಅದರ ಟೊಳ್ಳು ತಲೆಯೊಳಗೆ ಕಚ್ಚಿಸಿ ಗಟ್ಟಿ ನೆಲಕ್ಕೆ ಎರಡು ಮೂರು ಏಟು ಹೊಡೆದರೆ ಗುಂಡು ತನ್ನ ಭಾರಕ್ಕೆ ತಾನೇ ಕಳಚಿ ಮದ್ದಿನ ಜೊತೆಗೆ ತಲೆಯೊಳಗೆ ಬೀಳುತ್ತದೆ. ರಾತ್ರಿ ಹತ್ತು ಗಂಟೆಗೆ ಆ ಸದ್ದು ಕೇಳಿ ನನ್ನ ಹೆಂಡತಿ ಮೆಟ್ಟಿಲ ತಲೆಯಿಂದ ‘ರೀ, ಕೆಳಗೆ ಏನು ತೆಂಗಿನಕಾಯಿ ಒಡೀತಾ ಇದ್ದೀರಾ?’ ಎಂದು ಕೇಳಿದಳು. ಕಿಟ್‌ಗಳಲ್ಲಿ ಇಲ್ಲದ, ಇಪ್ಪತ್ತೇ ಡಾಲರಿನ ಆ ಸುತ್ತಿಗೆಯನ್ನು ಮೊದಲ ದಿನವೇ ಕೊಂಡಿದ್ದರಿಂದ ಅನುಮಾನದ ತೋಟೆಗಳನ್ನು ‘ಏನೂ ಆಗಲಿಕ್ಕಿಲ್ಲ’ ಎಂದು ಹಾರಿಸಿಬಿಡುವ ಆಸೆ ನನಗೆ ಬರಲಿಲ್ಲ. ಆ ವಾರವೇ 85 ಡಾಲರ್ ಕೊಟ್ಟು ತೂಗುಕೋಲಿನ ತಕ್ಕಡಿ ತಂದೆ. ಅದಕ್ಕೆ ಬ್ಯಾಟರಿ ಇಲ್ಲ, ಅಂಕಿ ಇಲ್ಲ. ಕೋಲಿನ ಮೇಲೆ ಬಟ್ಟುಗಳನ್ನು ಸರಿಸಿ, ತುದಿಯ ಮುಳ್ಳು ಸೊನ್ನೆಗೆ ಬಂದು ನಿಲ್ಲುವವರೆಗೆ ಕಾಯಬೇಕು. ತೀರ್ಥಹಳ್ಳಿಯ ಚಿನ್ನದಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದ ತಕ್ಕಡಿ ಏಕೆ ಪೆಟ್ಟಿಗೆಯೊಳಗೇ ಇರುತ್ತಿತ್ತೆಂಬುದು ನನಗೆ ಅರ್ಥವಾದದ್ದು ಆಗ. ಗಾಳಿ ಅದಕ್ಕೂ ಶತ್ರುವೇ, ಆದರೆ ಗಾಳಿ ಬಂದರೆ ಕೋಲು ಓಲಾಡುತ್ತದೆ, ಎಲೆಕ್ಟ್ರಾನಿಕ್ ತಕ್ಕಡಿಯ ಹಾಗೆ ನಿಶ್ಚಲವಾಗಿ ನಿಂತು ಸುಳ್ಳು ಹೇಳುವುದಿಲ್ಲ. ಒಳ್ಳೆಯ ಎಲೆಕ್ಟ್ರಾನಿಕ್ ತಕ್ಕಡಿಗಳೂ ಇವೆ. ಅವುಗಳ ಬೆಲೆಯೇ ಬೇರೆ. ಮೇಜನ್ನು ಆಚೆಯ ಗೋಡೆಗೆ ಸರಿಸಿದೆ. ಈಗ ಆರಂಭದಲ್ಲಿ ಒಮ್ಮೆ, ಇಪ್ಪತ್ತೈದು ತೋಟೆಗಳಿಗೆ ಒಮ್ಮೆ, ಕೊನೆಯಲ್ಲಿ ಒಮ್ಮೆ ಪರೀಕ್ಷಾ ಬಟ್ಟು ಇಡದೆ ಮುಂದೆ ಹೋಗುವುದಿಲ್ಲ.

ಮದ್ದಿನ ಆಯ್ಕೆಯೂ ಸಲಕರಣೆಯ ಆಯ್ಕೆಯೇ ಎನ್ನಬೇಕು. ಗುಂಡಿನ ತಯಾರಕರೂ ಮದ್ದಿನ ತಯಾರಕರೂ ಪರೀಕ್ಷೆ ಮಾಡಿ ಅಚ್ಚು ಹಾಕಿಸಿದ ಕೈಪಿಡಿಗಳಲ್ಲಿ ಒಂದೊಂದು ತೋಟೆಗೂ ಹತ್ತಾರು ಮದ್ದುಗಳ ಆರಂಭದ ಮತ್ತು ಗರಿಷ್ಠ ಪ್ರಮಾಣ ಇರುತ್ತದೆ. ಎರಡು ಬೇರೆ ಬೇರೆ ಕೈಪಿಡಿಗಳನ್ನು ಕೊಂಡು, ಎರಡರಲ್ಲೂ ನನ್ನ ಗುಂಡಿನ ತೂಕಕ್ಕೆ ಹೊಂದುವ ಪುಟವನ್ನು ಪಕ್ಕದಲ್ಲಿಟ್ಟುಕೊಂಡು, ಆರಂಭದ ಪ್ರಮಾಣದಲ್ಲಿ ಹತ್ತೇ ತೋಟೆ ಮಾಡಿದೆ. ಮದ್ದುಗಳಲ್ಲಿ ಒಂದನ್ನು ಆರಿಸುವಾಗ ನಾನು ನೋಡಿದ್ದು ವೇಗವನ್ನಲ್ಲ, ಗಾತ್ರವನ್ನು: ಒಂದು ಸಲ ಸುರಿದರೆ ಕವಚದ ಅರ್ಧಕ್ಕಿಂತ ಮೇಲೆ ಬರುವ, ಎರಡು ಸಲ ಸುರಿದರೆ ಉಕ್ಕಿ ಹಲಗೆಯ ಮೇಲೆ ಚೆಲ್ಲುವ ಉಬ್ಬು ಮದ್ದು ಬೇಕೆಂದೆ. ಅಂತಹ ಮದ್ದಿನ ಕಾಳುಗಳು ಚಪ್ಪಟೆ ಚೂರುಗಳಂತಿರುವುದರಿಂದ ಅಳತೆಯ ಸಾಧನದಿಂದ ಒಂದೇ ಸಮನಾಗಿ ಬೀಳುವುದಿಲ್ಲ. ರಾಗಿಯಂತಹ ದುಂಡು ಕಾಳಿನ ಮದ್ದು ನೀರಿನಂತೆ ಬೀಳುತ್ತದೆ. ಕೊರತೆಯಾದದ್ದನ್ನು ಚಿಟಿಕೆ ಚಿಟಿಕೆಯಾಗಿ ತೂಗಿ ತುಂಬಲು ನನಗೆ ಸಮಯವಿತ್ತು. ಮೇಜಿನ ಮೇಲೆ ಒಮ್ಮೆಗೆ ಒಂದೇ ಮದ್ದಿನ ಡಬ್ಬಿ; ಕೆಲಸ ಮುಗಿದೊಡನೆ ಉಳಿದದ್ದು ಅದೇ ಡಬ್ಬಿಗೆ ಮರಳಬೇಕು, ಸಾಧನದ ಹೊಟ್ಟೆಯಲ್ಲಿ ರಾತ್ರಿ ಕಳೆಯಬಾರದು.

ಪ್ರೈಮರ್ ಕೂರಿಸುವುದಕ್ಕೆ ಪ್ರೆಸ್ಸಿನಲ್ಲೇ ಒಂದು ತೋಳು ಇತ್ತಾದರೂ ಕೈಯಲ್ಲಿ ಹಿಡಿದು ಒತ್ತುವ ಉಪಕರಣವನ್ನು ಬೇರೆಯಾಗಿ ಕೊಂಡೆ. ಪ್ರೈಮರ್ ತಳಕ್ಕೆ ತಾಗಿದ್ದು ಬೆರಳಿಗೆ ಗೊತ್ತಾಗುತ್ತದೆ. ಪ್ರೆಸ್ಸಿನ ಉದ್ದ ಹಿಡಿಕೆಯಲ್ಲಿ ಆ ಅರಿವು ಇರುವುದಿಲ್ಲ. ಕಣ್ಣು ಕಾಯುವ ಕನ್ನಡಕ ಹಾಕದೆ ಈ ಕೆಲಸಕ್ಕೆ ಕೂರಬಾರದು, ಅಡ್ಡಲಾಗಿ ಸಿಕ್ಕಿಕೊಂಡ ಪ್ರೈಮರನ್ನು ಬಲವಂತವಾಗಿ ಒತ್ತಬಾರದು. ಉರಿದ ಪ್ರೈಮರಿನ ಮಸಿಯಲ್ಲಿ ಸೀಸ ಇರುತ್ತದೆ. ಅಡಿಕೆ ಪಾಲಿಷು ಮಾಡುವ ಯಂತ್ರದ ಪುಟಾಣಿ ತಮ್ಮನಂತಿರುವ ಟಂಬ್ಲರಿನಲ್ಲಿ ಅಕ್ರೋಟಿನ ಸಿಪ್ಪೆಯ ಪುಡಿ ಹಾಕಿ ಕವಚಗಳನ್ನು ಉಜ್ಜಿದಾಗ ಏಳುವ ಧೂಳಿನಲ್ಲಿ ಅದೂ ಸೇರಿರುತ್ತದೆ. ಹಾಗಾಗಿ ಟಂಬ್ಲರ್ ಗ್ಯಾರೇಜಿಗೆ ಹೋಯಿತು. ಮೇಜಿನ ಬಳಿ ಕಾಫಿ ಲೋಟ ಬರುವಂತಿಲ್ಲ, ಎದ್ದ ಮೇಲೆ ಕೈ ತೊಳೆಯದೆ ಮಕ್ಕಳನ್ನು ಮುಟ್ಟುವಂತಿಲ್ಲ. ಈ ಎರಡು ನಿಯಮಗಳು ನನ್ನವಲ್ಲ, ಮನೆಯೊಡತಿಯವು.

ಸಂಗ್ರಹದ ಬಗ್ಗೆ ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 495ನೆಯ ಸಂಹಿತೆ, ಮನೆಯಲ್ಲಿ ಮೂಲ ಡಬ್ಬಿಗಳಲ್ಲಿ 20 ಪೌಂಡಿನವರೆಗೆ ಮದ್ದು, 10,000 ಪ್ರೈಮರ್ ಇಡಬಹುದು ಎನ್ನುತ್ತದೆ. ನನ್ನದು ಎರಡು ಪೌಂಡು, ಎರಡು ಸಾವಿರ. ಎರಡನ್ನೂ ಫರ್ನೇಸಿನಿಂದ ದೂರ, ಬೇರೆ ಬೇರೆ ಮರದ ಕಪಾಟುಗಳಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಮದ್ದನ್ನು ಗಟ್ಟಿ ಲೋಹದ ಪೆಟ್ಟಿಗೆಯಲ್ಲಿ ಬಿಗಿಯಾಗಿ ಮುಚ್ಚಿಡುವುದು ಭದ್ರತೆಯೆಂದು ನಾನು ತಿಳಿದಿದ್ದೆ. ಬೆಂಕಿ ಬಿದ್ದರೆ ಅದೇ ಬಾಂಬಾಗುತ್ತದೆಂದು ಆಮೇಲೆ ತಿಳಿಯಿತು.

ಮೊದಲ ಹತ್ತು ತೋಟೆಗಳಲ್ಲಿ ಮೂರು ನೋಡಲು ವಕ್ರವಾಗಿದ್ದವು. ಬಾಯಿಯನ್ನು ಸಾಲದಷ್ಟು ಅಗಲಿಸಿದ್ದರಿಂದ ಕವಚದ ಅಂಚು ಸೀಸದ ಗುಂಡನ್ನು ಹೆರೆದು ಸುರುಳಿ ತೆಗೆದಿತ್ತು. ಮೂರನೆಯ ಡೈ ಗುಂಡನ್ನು ಕೂರಿಸುವುದನ್ನೂ ಅಂಚನ್ನು ಮುಚ್ಚುವುದನ್ನೂ ಒಂದೇ ಎಳೆತದಲ್ಲಿ ಮಾಡುತ್ತದೆ, ಆದರೆ ಎರಡರ ಹೊಂದಾಣಿಕೆಯನ್ನು ಒಟ್ಟಿಗೆ ಸಾಧಿಸುವುದು ಹೊಸಬನಿಗೆ ತಲೆನೋವು. ಹಿರಿಯರ ಮಾತಿನಂತೆ ಮೊದಲು ಐವತ್ತಕ್ಕೂ ಗುಂಡು ಕೂರಿಸಿ, ಡೈಯನ್ನು ಹೊಸದಾಗಿ ಹೊಂದಿಸಿಕೊಂಡು, ಎರಡನೆಯ ಸುತ್ತಿನಲ್ಲಿ ಅಂಚು ಮುಚ್ಚತೊಡಗಿದ ಮೇಲೆ ಆ ತಲೆನೋವು ಹೋಯಿತು. ರೇಂಜಿನಲ್ಲಿ ಆ ದಿನ ಒಂದೊಂದೇ ತೋಟೆ ಹಾಕಿ, ಪ್ರತಿ ಈಡಿಗೂ ಗುರಿ ಹಲಗೆಯಲ್ಲಿ ತೂತು ಬಿತ್ತೇ ಎಂದು ನೋಡಿಯೇ ಮುಂದಿನದನ್ನು ಹಾಕಿದೆ. ‘ಢಂ’ ಎನ್ನಬೇಕಾದದ್ದು ‘ಟುಸ್’ ಎಂದರೆ ಅಲ್ಲಿಗೆ ನಿಲ್ಲಿಸಿ ನಳಿಗೆ ಪರೀಕ್ಷಿಸಬೇಕು. ಹಾಗೇನೂ ಆಗಲಿಲ್ಲ.

ಖರ್ಚಿನ ಲೆಕ್ಕ ಕೇಳುವವರಿಗೆ ಹೇಳುತ್ತೇನೆ. ತಪ್ಪಿ ಕೊಂಡ ತಕ್ಕಡಿಯನ್ನು ಬಿಟ್ಟು ಸಲಕರಣೆಗೆ 610 ಡಾಲರ್ ಆಯಿತು. ನಾನು ಕೊಳ್ಳುತ್ತಿದ್ದ ಐವತ್ತು ತೋಟೆಗಳ ಡಬ್ಬಿಗೆ 28 ಡಾಲರ್. ಮನೆಯಲ್ಲಿ ತುಂಬಿಸಿದರೆ, ನಾನು ಕೊಂಡಾಗಿನ ಬೆಲೆಯಲ್ಲಿ, ಪ್ರೈಮರ್ 8 ಸೆಂಟ್, ಗುಂಡು 11, ಮದ್ದು 3, ಅಂತೂ ಒಂದು ತೋಟೆಗೆ 22 ಸೆಂಟ್, ಡಬ್ಬಿಗೆ 11 ಡಾಲರ್. ಡಬ್ಬಿಗೆ 17 ಉಳಿದರೆ ಮೂವತ್ತಾರನೆಯ ಡಬ್ಬಿಗೆ, ಅಂದರೆ 1800 ತೋಟೆಗಳಿಗೆ, ಬಂಡವಾಳ ವಾಪಸು. ಮದ್ದು ಮತ್ತು ಪ್ರೈಮರನ್ನು ದೂರದಿಂದ ತರಿಸಿದರೆ ಅಪಾಯಕಾರಿ ಸರಕಿನ ಶುಲ್ಕ ಬೇರೆ ಬೀಳುತ್ತದೆ. ನಾನು ಊರಿನ ಅಂಗಡಿಯಲ್ಲೇ ಕೊಂಡೆ. ಈ ಲೆಕ್ಕದಲ್ಲಿ ನನ್ನ ಸಂಜೆಗಳ ಬೆಲೆ ಸೇರಿಲ್ಲ.

ನಡುವೆ ಹಿರಿಯರ .30-06 ತೋಟೆಯ ರೈಫಲಿಗೆ, ನವೆಂಬರಿನ ಒಂಬತ್ತು ದಿನಗಳ ಜಿಂಕೆ ಬೇಟೆಗೆಂದು, ಅವರ ಜೊತೆ ಕೂತು ತುಂಬಿಸಲು ಹೋದದ್ದೂ ಉಂಟು. ಬಾಟಲಿಯಂತೆ ಕತ್ತು ಕಿರಿದಾದ ಆ ಕವಚಕ್ಕೆ ಕಾರ್ಬೈಡ್ ಡೈಯ ಸುಖವಿಲ್ಲ, ಎಣ್ಣೆ ಹಚ್ಚಲೇಬೇಕು. ನಾನು ಜಿಪುಣತನ ಮಾಡಿ ಹಚ್ಚಿದ ಒಂದು ಕವಚ ಡೈಯೊಳಗೆ ಕಚ್ಚಿಕೊಂಡು, ಬುಡಕ್ಕೆ ತೂತು ಕೊರೆದು ಬೋಲ್ಟ್ ಹಾಕಿ ಎಳೆಯಬೇಕಾಯಿತು. ರೈಫಲಿನ ಸಹವಾಸ ಸದ್ಯಕ್ಕೆ ಬೇಡವೆಂದು ಬಂದೆ.

ಹೋದ ಬೇಸಿಗೆಯಲ್ಲಿ ಅಪ್ಪಯ್ಯ ಮೂರು ತಿಂಗಳು ಬಂದು ನಮ್ಮ ಜೊತೆಗಿದ್ದರು. ಪ್ರವಾಸಿ ವೀಸಾದಲ್ಲಿ ಬಂದವರು ತೋಟೆಗಳನ್ನು ಮುಟ್ಟುವಂತಿಲ್ಲವೆಂದು ಮೊದಲೇ ತಿಳಿಸಿದ್ದೆ. ಒಂದು ಸಂಜೆ ಅವರು ಕೆಳಗೆ ಬಂದು, ದೇವಸ್ಥಾನದ ಗರ್ಭಗುಡಿಯ ಹೊರಗೆ ನಿಂತವರಂತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಅಜ್ಜನ ಅಳತೆ ಈಗ ಎಲ್ಲಿದೆ ಎಂದು ಕೇಳಿದೆ. ದೇವರ ಮನೆಯ ಗೂಡಿನಲ್ಲಿ, ಕರ್ಪೂರ ಹಾಕಿಡುತ್ತಾರಂತೆ. ಹಲಗೆಯಲ್ಲಿ ಮದ್ದು ತುಂಬಿದ ಐವತ್ತು ಕವಚಗಳಿದ್ದವು. ನಾನು ಟಾರ್ಚು ಹಿಡಿದೆ, ಅವರು ಬಗ್ಗಿ ಕನ್ನಡಕದ ಮೇಲಿಂದ ಇಣುಕಿದರು. ಮೂರನೆಯ ಸಾಲಿನ ಹತ್ತಿರ ನಿಂತು ‘ಇದೊಂದರಲ್ಲಿ ಕಮ್ಮಿ ಬಿದ್ದಂಗಿದೆಯಲ್ಲ ಮಾರಾಯ’ ಎಂದರು. ಆ ಕವಚವನ್ನು ತೆಗೆದು ಮದ್ದನ್ನು ತಟ್ಟೆಗೆ ಬಗ್ಗಿಸಿ, ಇಬ್ಬರೂ ಉಸಿರು ಬಿಗಿಹಿಡಿದು, ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾದೆವು. ತೂಕ ಸರಿಯಾಗಿತ್ತು, ಮದ್ದು ಒಂದು ಬದಿಗೆ ವಾಲಿ ಕೂತಿತ್ತಷ್ಟೆ. ಆಲಿಕೆಯಿಂದ ಮತ್ತೆ ಕವಚಕ್ಕೆ ಸುರಿದು, ಹಲಗೆಯನ್ನು ಮೆಲ್ಲನೆ ತಟ್ಟಿ, ಮೊದಲ ಸಾಲಿನಿಂದ ಇನ್ನೊಮ್ಮೆ ಟಾರ್ಚು ಬಿಟ್ಟೆ.